ಬಲಗಡೆ ಮೂಲೆಯ ಹೆಸರು

ಕಳೆದ ತಿಂಗಳು ಚಿಕ್ಕಮ್ಮನ ಮನೆಯ ಒಂದು ಕಾರ್ಯಕ್ಕೆಂದು ಹಗರಿಬೊಮ್ಮನಹಳ್ಳಿಗೆ ಹೋಗಿದ್ದೆ. ಬಸ್ಸಿಳಿದು ನಡೆಯುತ್ತಿದ್ದಾಗ ರಸ್ತೆ ಬದಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಒಬ್ಬ ಬೈಕಿನ ಟ್ಯಾಂಕಿಗೆ ಬಣ್ಣ ಸಿಂಪಡಿಸುತ್ತಿದ್ದ. ಆಗಷ್ಟೇ ಮಳೆ ಹನಿದು ನಿಂತಿತ್ತು. ಬಣ್ಣಕ್ಕೆ ಬೆರೆಸುವ ಥಿನ್ನರಿನ ವಾಸನೆ, ಹಸಿ ಮಣ್ಣಿನ ವಾಸನೆ ಎರಡೂ ಒಟ್ಟಿಗೆ ಮೂಗಿಗೆ ಬಡಿದವು ನೋಡಿ, ಕಾಲು ತಾವಾಗಿ ನಿಂತುಬಿಟ್ಟವು. ಥಿನ್ನರ್ ವಾಸನೆಗೆ ಬೇರೆಯವರಿಗೆ ತಲೆನೋವು ಬರುತ್ತದೆ. ನನಗೆ ಅಪ್ಪನ ನೆನಪು ಬರುತ್ತದೆ. ಅಪ್ಪ ಇನ್ನೂ ಗಟ್ಟಿಮುಟ್ಟಾಗಿ ಕೊಟ್ಟೂರಿನಲ್ಲಿದ್ದಾನೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನೆನಪು ಎಂದ ಕೂಡಲೇ ಜನ ಕಣ್ಣೊರೆಸಿಕೊಳ್ಳಲು ತಯಾರಾಗುತ್ತಾರೆ.

ನನಗೆ ನೆನಪಾದದ್ದು ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ. ಆ ಗ್ಯಾರೇಜಿನ ಎದುರಿಗೆ ಒಂದು ಗೊಬ್ಬರದಂಗಡಿ, ಅದರ ಮಹಡಿಯ ಮೇಲೆ ಉದ್ದನೆಯ ಕೋಣೆ. ಆ ಕೋಣೆಯಲ್ಲಿ ನಾನು ಮತ್ತು ನನ್ನ ಗೆಳತಿ ಗೌತಮಿ ಕೂತು ಬೆರಳಿನ ಎರಡು ಗೆಣ್ಣಿನಷ್ಟು ಎತ್ತರದ ಸೈನಿಕರಿಗೆ ಬಣ್ಣ ಹಚ್ಚುತ್ತಿದ್ದೆವು. ಇದೇನು ಉದ್ಯೋಗ ಎಂದು ಕೇಳದವರೇ ಇರಲಿಲ್ಲ. ಹೊರದೇಶಗಳಲ್ಲಿ ಇದೊಂದು ದೊಡ್ಡ ಹವ್ಯಾಸ. ಮೇಜಿನ ಮೇಲೆ ಗುಡ್ಡ, ಹಳ್ಳ, ಊರು ಎಲ್ಲ ಮಾಡಿ, ಎರಡು ಕಡೆ ಪುಟಾಣಿ ಸೈನ್ಯಗಳನ್ನು ನಿಲ್ಲಿಸಿ, ದಾಳ ಉರುಳಿಸಿ, ಟೇಪು ಹಿಡಿದು ಅಳೆದು ಯುದ್ಧ ಆಡುತ್ತಾರೆ. ಆಡುವವರೆಲ್ಲ ದೊಡ್ಡವರೇ, ಮೊಮ್ಮಕ್ಕಳನ್ನು ಕಂಡವರೂ ಇದ್ದಾರೆ. ಸೈನಿಕರು ಬರಿ ಲೋಹದ ಬಣ್ಣದಲ್ಲೋ ಬೂದು ಪ್ಲಾಸ್ಟಿಕ್ಕಿನಲ್ಲೋ ಬರುತ್ತಾರೆ. ಬಣ್ಣ ಹಚ್ಚುವ ತಾಳ್ಮೆ ಇಲ್ಲದವರು ನಮ್ಮಂಥವರಿಗೆ ಕಳಿಸುತ್ತಾರೆ. ಇದನ್ನು ನಮ್ಮ ಅವ್ವನಿಗೆ ವಿವರಿಸಿದಾಗ ಅವಳು ಕೇಳಿದ್ದು ಒಂದೇ ಮಾತು.

“ಅಲ್ಲಿ ಗಂಡಸ್ರಿಗೆ ಮನ್ಯಾಗ ಏನೂ ಕೆಲಸ ಹೇಳಂಗಿಲ್ಲೇನು?”

ನಾನು ಚಿತ್ರಕಲೆಯ ಡಿಪ್ಲೊಮಾ ಮುಗಿಸಿ, ಡ್ರಾಯಿಂಗ್ ಟೀಚರ್ ಹುದ್ದೆಗೆ ಅರ್ಜಿ ಹಾಕಿ ಹಾಕಿ ಸಾಕಾಗಿ ಕೂತಿದ್ದವಳು. ಗೌತಮಿಯ ಅಪ್ಪ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಅವಳಿಗೆ ಇಂಗ್ಲಿಷ್ ಚೆನ್ನಾಗಿತ್ತು, ಕಣ್ಣು ಇನ್ನೂ ಚೆನ್ನಾಗಿತ್ತು. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತು, ಕೆಡಿಸಿ, ಮತ್ತೆ ಕಲಿತು, ಹೇಗೋ ಕೆಲಸ ಹಿಡಿದಿದ್ದೆವು. ಕೆಲಸದಲ್ಲಿ ಎರಡು ಬಗೆ. ಒಂದು, ಹಿಂದಿನ ಕಾಲದ ಸೈನ್ಯಗಳು: ಕುದುರೆ, ಫಿರಂಗಿ, ರುಮಾಲು, ಗುಂಡಿಗಳು. ಇನ್ನೊಂದು, ಮುಂದೆಂದೋ ಬರುವ ಕಾಲದವು: ಕಬ್ಬಿಣದ ಕವಚ ತೊಟ್ಟು ನಕ್ಷತ್ರಗಳ ನಡುವೆ ಬಡಿದಾಡುವವರು, ನಾಲ್ಕು ಕೈಯ ಪ್ರಾಣಿಗಳು. ಗೌತಮಿಗೆ ಎರಡನೆಯದೇ ಇಷ್ಟ. “ಹಿಂದಿನ ಕಾಲದ್ದಕ್ಕ ಗುಂಡಿ ಬಣ್ಣ ತಪ್ಪಾತು ಅಂತ ಮೇಲ್ ಬರತೈತಿ ಸುಮಕ್ಕ. ಮುಂದಿನ ಕಾಲ ನೋಡಿ ಬಂದೋರು ಯಾರದಾರ?” ಎನ್ನುತ್ತಿದ್ದಳು.

ಆ ವರ್ಷ ಬಂದದ್ದು ಮಾತ್ರ ಹಿಂದಿನ ಕಾಲದ್ದೇ. ಕೆಲಸ ಕಳಿಸಿದವನು ಹಡಗಿನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತನಾದ, ಪೊದೆಯಂಥ ಬಿಳಿ ಮೀಸೆಯ ಹೊರದೇಶದ ಒಬ್ಬ ಮುದುಕ. ನಾವು ನಮ್ಮೊಳಗೆ ಅವನಿಗೆ ಮೀಸಿ ತಾತ ಎಂದು ಹೆಸರಿಟ್ಟಿದ್ದೆವು. ಅವನಿಗೆ ಒಂದು ಪಾಳೆಗಾರರ ಸೈನ್ಯ ಬೇಕಾಗಿತ್ತು. ಕತ್ತಿಯವರು, ಭರ್ಚಿಯವರು, ಬಂದೂಕಿನವರು, ಆನೆ ಮೇಲೆ ಒಬ್ಬ ನಾಯಕ, ಮತ್ತು ರಾಶಿ ರಾಶಿ ಬಾವುಟಗಳು. ಎದುರಿಗೆ ನಿಲ್ಲಲು ಕೆಂಪು ಕೋಟಿನ ಕಂಪನಿ ಸಿಪಾಯಿಗಳು ಅವನ ಹತ್ತಿರ ತಯಾರಾಗಿದ್ದರಂತೆ. ಚಳಿಗಾಲಕ್ಕೆ ಮುಂಚೆ ಗೆಳೆಯರನ್ನೆಲ್ಲ ಕರೆದು ಆ ಯುದ್ಧ ಆಡಿಸಬೇಕು ಎಂಬುದು ಅವನ ಆಸೆ. ಅಷ್ಟು ದೊಡ್ಡ ಕೆಲಸ ನಮಗೆ ಅದೇ ಮೊದಲು. ಅದು ಅವನಿಗೆ ಒಪ್ಪಿಗೆಯಾದರೆ ಅವನ ಬಳಗವೆಲ್ಲ ನಮ್ಮ ಬಾಗಿಲಿಗೇ ಬರುವುದರಲ್ಲಿತ್ತು, ಇಲ್ಲದಿದ್ದರೆ ಕೋಣೆಗೆ ಬೀಗ ಹಾಕಿ ಮನೆಗೆ ಹೋಗಬೇಕಾಗಿತ್ತು. ಕೇಳಿದ ಕೂಡಲೇ ಹೂಂ ಅಂದುಬಿಟ್ಟೆವು. ಬಾವುಟಗಳನ್ನು ಬಿಚ್ಚಿ ನೋಡಿದ ಮೇಲೆ ಕಷ್ಟ ಗೊತ್ತಾಯಿತು. ಉಗುರಿನಷ್ಟು ಬಾವುಟ, ಅದರ ಮೇಲೆ ನಂದಿ, ಹನುಮಂತ, ಸೂರ್ಯ, ಚಂದ್ರ. ಎಲ್ಲ ಬರಿಗೈಯಲ್ಲಿ ಬರೆಯಬೇಕು. ನನ್ನ ನಂದಿ ಎಮ್ಮೆಯಾಯಿತು. ಗೌತಮಿಯ ಹನುಮಂತ ಏನಾದನೆಂದು ಹೇಳುವುದು ಬೇಡ.

ಆಗ ಅಪ್ಪನ ನೆನಪಾಯಿತು.

ಅಪ್ಪ ಕೊಟ್ರೇಶಪ್ಪ ಬೋರ್ಡು ಬರೆಯುವವನು. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಎಲ್ಲೇ ಹೋಗಲಿ, ಅಂಗಡಿಯ ಬೋರ್ಡು, ಶಾಲೆಯ ಗೋಡೆಯ ನಕ್ಷೆ, ಲಾರಿಯ ಬೆನ್ನು, ಟೂರಿಂಗ್ ಟಾಕೀಸಿನ ಬಟ್ಟೆಯ ಬ್ಯಾನರು, ಎಲ್ಲದರ ಬಲಗಡೆ ಕೆಳಮೂಲೆಯಲ್ಲಿ ಸಣ್ಣಗೆ ‘ಕೊಟ್ರೇಶ್ ಆರ್ಟ್ಸ್, ಕೊಟ್ಟೂರು’ ಎಂದಿರುತ್ತಿತ್ತು. ನಾನು ಓದಲು ಕಲಿತದ್ದೇ ಆ ಮೂಲೆಯಿಂದ. ಬಸ್ಸಿನ ಕಿಟಕಿಯಲ್ಲಿ ಕೂತು, ಅಂಗಡಿ ಯಾವುದೆಂದು ನೋಡುವ ಮೊದಲು ಮೂಲೆ ನೋಡುತ್ತಿದ್ದೆ. “ಅಪ್ಪಾ, ಇಲ್ಲೂ ನೀನ ಅದೀ” ಎಂದು ಕೂಗಿದರೆ ಅಪ್ಪ, ನಾನು ಮತ್ತೊಮ್ಮೆ ಕೂಗಿ ಬಸ್ಸಿನ ಮಂದಿಗೆಲ್ಲ ಕೇಳಿಸಲಿ ಎಂದು, ಬೇಕೆಂತಲೇ ತಡವಾಗಿ ಹೂಂಗುಡುತ್ತಿದ್ದ. ಆಮೇಲೆ ಫ್ಲೆಕ್ಸ್ ಬಂತು. ಒಂದೊಂದೇ ಬೋರ್ಡು ಇಳಿಯಿತು, ಗೋಡೆಗಳಿಗೆ ಸುಣ್ಣ ಬಿತ್ತು. ಅಪ್ಪ ಯಾರ ಜೊತೆಗೂ ಜಗಳವಾಡಲಿಲ್ಲ, ಕುಡಿಯಲಿಲ್ಲ. ತನ್ನ ತಮ್ಮನ ಬೀಜದಂಗಡಿಯಲ್ಲಿ ಹೋಗಿ ಕೂರುತ್ತಿದ್ದ, ಬರುತ್ತಿದ್ದ. ಒಂದು ಮಾತ್ರ ನಾನು ಗಮನಿಸಿದ್ದೆ. ಪೇಟೆ ಬೀದಿಯಲ್ಲಿ ನಡೆಯುವಾಗ ತಲೆ ಎತ್ತುತ್ತಿರಲಿಲ್ಲ, ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದ. ಅದು ನನಗೆ ನುಂಗಲಾರದ ತುತ್ತಾಗಿತ್ತು.

“ಕರಕೊಂಡು ಹೋಗವ್ವ,” ಎಂದಳು ಅವ್ವ. “ಕುಂತು ಕುಂತು ಗ್ವಾಡಿ ಆಗ್ಯಾರ. ಕೆಲಸ ಕೆಟ್ರೂ ಚಿಂತಿಲ್ಲ, ಒಂದಿಷ್ಟು ಬೈಯಾಕರ ಶುರು ಮಾಡ್ಲಿ.”

ಅಪ್ಪ ಬಂದ ದಿನವೇ ಮಳೆ ಹಿಡಿಯಿತು. ನಮ್ಮ ಕಡೆ ಮಳೆ ಅಂದರೆ ಚಹಾ ಕುಡಿಯುವಷ್ಟೂ ಹೊತ್ತು ಕೂರದ ನೆಂಟ. ಆ ವರ್ಷ ಮಾತ್ರ ಹಾಸಿಗೆ ಬಿಚ್ಚಿ ಮಲಗಿದ. ಗೊಬ್ಬರದಂಗಡಿಯವರು ಚೀಲಗಳನ್ನು ಅಟ್ಟದ ಮೇಲಕ್ಕೆ ಏರಿಸಿದರು, ನಮ್ಮ ಮೆಟ್ಟಿಲ ತನಕ ಯೂರಿಯಾ ವಾಸನೆ. ಬಣ್ಣ ಒಣಗದು. ಕೂದಲು ಒಣಗಿಸುವ ಯಂತ್ರ ತಂದು ಸೈನಿಕರಿಗೆ ಬಿಸಿ ಗಾಳಿ ಊದುತ್ತಿದ್ದೆವು, ಅಷ್ಟರಲ್ಲಿ ಕರೆಂಟು ಹೋಗುತ್ತಿತ್ತು. ಗೌತಮಿ ತನ್ನ ಅಪ್ಪನಿಗೇ ಫೋನು ಮಾಡಿ ದಬಾಯಿಸುತ್ತಿದ್ದಳು. ಎಲ್ಲಕ್ಕಿಂತ ಕಷ್ಟ ವಾರ್ನಿಷ್‌ದು. ಕೊನೆಗೆ ಬಣ್ಣ ಉಳಿಯಲೆಂದು ಅದನ್ನು ಸಿಂಪಡಿಸಬೇಕು, ಆದರೆ ಗಾಳಿಯಲ್ಲಿ ತೇವ ಇದ್ದಾಗ ಸಿಂಪಡಿಸಿದರೆ ಎಲ್ಲದರ ಮೇಲೂ ಬೂದಿ ಬಳಿದ ಹಾಗೆ ಬೆಳ್ಳಗಾಗಿಬಿಡುತ್ತದೆ. ಆದ್ದರಿಂದ ಮುಗಿದ ಸೈನಿಕರೆಲ್ಲ ಕಪಾಟಿನಲ್ಲಿ ಬಿಸಿಲಿಗಾಗಿ ಕಾಯುತ್ತಾ ನಿಂತರು.

ಅಪ್ಪನ ಮೊದಲ ವಾರ ನಗೆಪಾಟಲು. ಕುಂಚ ಕೈಗೆ ಕೊಟ್ಟರೆ ಬೆಳಕಿಗೆ ಹಿಡಿದು ನೋಡಿದ.

“ಇದೇನ್ಲೇ ಸುಮಿ, ಕುಂಚಾನೋ ಕಣ್ರೆಪ್ಪಿ ಕೂದ್ಲಾನೋ?”

“ಕುಂಚನ ಐತಪ್ಪ. ಸೊನ್ನಿಗಿಂತ ಸಣ್ಣ ನಂಬರಿಂದು.”

“ಸೊನ್ನಿಗಿಂತ ಸಣ್ಣದು ಅಂದ್ರ ಇಲ್ಲಂತ ಅರ್ಥ. ಇಲ್ಲದ್ದರಿಂದ ಬಣ್ಣ ಹಚ್ಚು ಅಂತೀಯಲ್ಲ.”

ಬೋರ್ಡು ಬರೆಯುವವರಿಗೆ ಒಂದು ಅಭ್ಯಾಸ. ನಾಲ್ಕು ಗೆರೆ ಎಳೆದು ಹಿಂದೆ ಸರಿಯುವುದು, ರಸ್ತೆಯ ಆಚೆ ನಿಂತು ನೋಡುವುದು. ಅಪ್ಪ ಒಬ್ಬ ಬಂದೂಕಿನವನಿಗೆ ರುಮಾಲಿನ ಬಣ್ಣ ಹಚ್ಚಿ ಎದ್ದ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಬಾಗಿಲ ತನಕ ಹೋದ, ಕಣ್ಣು ಕಿರಿದು ಮಾಡಿದ. “ಎಲ್ಲಿ ಹೋದ ಆತ?” ಎಂದ. ಗೌತಮಿ ವೇಲು ಬಾಯಿಗೆ ತುರುಕಿಕೊಂಡು ನಕ್ಕಳು. ಇನ್ನು ಮುಖಗಳು. ಟಾಕೀಸಿನ ಬ್ಯಾನರು ಬರೆದ ಕೈ ಅದು. ಬರೆದ ಸಿಪಾಯಿಗಳಿಗೆಲ್ಲ ಗುಲಾಬಿ ಕೆನ್ನೆ, ನೀಲಿ ನೆರಳು, ಕೊರೆದಂಥ ಹುಬ್ಬು.

“ಅಪ್ಪ, ಇವರು ಯುದ್ಧಕ್ಕ ಹೊಂಟಾರೋ ಲಗ್ನಕ್ಕೋ?”

“ಯಾಕ, ಯುದ್ಧಕ್ಕ ಹೋಗೋರು ಚಲೋ ಕಾಣಬಾರ್ದೇನು?”

ಎಲ್ಲ ಅಳಿಸಿ ಮತ್ತೆ ಬರೆಸಿದೆ. ನನಗೂ ಮೂಗಿನ ತುದಿಯಲ್ಲೇ ಸಿಟ್ಟು, ಅಪ್ಪನದೇ ಬಳುವಳಿ. ಇಬ್ಬರೂ ಬೈದಾಡಿಕೊಂಡೆವು. ಬೈದಾಡುತ್ತಲೇ ಅಪ್ಪನ ಕೈ ಪಳಗಿತು. ಬೋರ್ಡಿನ ಮೇಲೆ ಕೈ ನಡುಗಬಾರದೆಂದು ಒಂದು ಉದ್ದನೆಯ ಕೋಲು ಆನಿಸಿಕೊಳ್ಳುತ್ತಾರೆ. ಅಪ್ಪ ಪೊರಕೆಯಿಂದ ಒಂದು ಕಡ್ಡಿ ಕಿತ್ತು, ಅದರ ತುದಿಗೆ ಅರಳೆ ಸುತ್ತಿ, ಅದನ್ನೇ ಕೋಲು ಮಾಡಿಕೊಂಡ. ಮೈಬಣ್ಣದ ಡಬ್ಬಿ ತೆಗೆದು ನೋಡಿ, “ಇದು ಯಾರ ಮೈ? ಹಸುಗೂಸಿಂದಾ?” ಎಂದು ಪಕ್ಕಕ್ಕಿಟ್ಟ. ಹೊಲದಲ್ಲಿ ನಿಂತವರಿಗೆ ಒಂದು, ನೆರಳಲ್ಲಿ ಕೂತವರಿಗೆ ಒಂದು, ಕುದುರೆಯ ಮೇಲಿನವರಿಗೆ ಒಂದು ಎಂದು ತಾನೇ ಬೆರೆಸಿಕೊಂಡ. ಹೊಸಹಳ್ಳಿ ಕಡೆಯ ಕೆಂಪು ಮಣ್ಣಿನ ಒಂದು ಹೆಂಟೆ ಎದುರಿಗಿಟ್ಟುಕೊಂಡು, ಸೈನಿಕರು ನಿಂತ ಬಿಲ್ಲೆಗಳ ಮೇಲೆ ಅದೇ ಬಣ್ಣ ತಂದ. “ಈತ ನಮ್ಮ ಸೋದರಮಾವ ಅದಾನಲ್ರಿ ಕಾಕಾ” ಎಂದು ಗೌತಮಿ ಒಬ್ಬ ಭರ್ಚಿಯವನನ್ನು ಎತ್ತಿ ಹಿಡಿದಳು. ನಂದಿಯ ಬಾವುಟಗಳ ಬಗ್ಗೆ ನಾನೇನೂ ಬರೆಯುವುದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ಬಸವಣ್ಣನ ಕಣ್ಣಿನ ಶಾಂತಿ ಹೇಗೆ ಹಿಡಿಸಿತೋ ನನಗೆ ಇಂದಿಗೂ ಗೊತ್ತಿಲ್ಲ.

ಅಪ್ಪ ಹಾಡು ಗುನುಗತೊಡಗಿದ. ಕೆಳಗಿನ ಹೋಟೆಲಿನವನ ಜೊತೆ ಚಹಾ ತೆಳ್ಳಗಾಯಿತೆಂದು ಜಗಳ ಕಾಯತೊಡಗಿದ. ಚಿಕ್ಕಮ್ಮನ ಮನೆಯಲ್ಲಿ ಉಳಿದು, ಬೆಳಿಗ್ಗೆ ನಮಗಿಂತ ಮೊದಲೇ ಬಂದು ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ನನಗೆ ಆಗ ಆದ ಸಂತೋಷವನ್ನು ಮುಚ್ಚಿಡುವುದೇಕೆ? ಆ ಮಳೆಗಾಲ ಮುಗಿಯುವುದೇ ಬೇಡ ಅನ್ನಿಸಿತ್ತು.

ಸೈನ್ಯವೆಲ್ಲ ತಯಾರಾದ ಮೇಲೆ ಗೌತಮಿ ಒಬ್ಬೊಬ್ಬರನ್ನೇ ಭೂತಗನ್ನಡಿಯ ದೀಪದ ಕೆಳಗೆ ಹಿಡಿದು ಪರೀಕ್ಷೆ ಮಾಡುತ್ತಿದ್ದಳು. ಸೈನಿಕ ನಿಂತ ಬಿಲ್ಲೆಯ ಅಂಚು ಪೂರ್ತಿ ಕಪ್ಪಗಿರಬೇಕು, ಅದರ ಮೇಲೆ ಒಂದು ಚುಕ್ಕೆಯೂ ಇರಬಾರದು ಎಂಬುದು ಮೀಸಿ ತಾತನ ಕಟ್ಟಪ್ಪಣೆ. ಗೌತಮಿ ಆನೆಯ ಮೇಲಿನ ನಾಯಕನನ್ನು ತಿರುಗಿಸಿ ದೀಪಕ್ಕೆ ಇನ್ನೂ ಹತ್ತಿರ ಹಿಡಿದಳು. ಇನ್ನೊಬ್ಬನನ್ನು ನೋಡಿದಳು. ಆಮೇಲೆ ನನ್ನನ್ನು ಕರೆದಳು.

“ಸುಮಕ್ಕ, ಇದನ್ನ ಓದು.”

ಕಪ್ಪು ಅಂಚಿನ ಮೇಲೆ ಹಳದಿ ಅಕ್ಷರ. ಭೂತಗನ್ನಡಿಯಿಲ್ಲದೆ ನೋಡಿದರೆ ಅರಿಸಿನದ ಪುಡಿ ಅಂಟಿದ ಹಾಗೆ, ಅಷ್ಟೇ. ಅದರಲ್ಲಿ ನೋಡಿದರೆ, ‘ಕೊಟ್ರೇಶ್ ಆರ್ಟ್ಸ್, ಕೊಟ್ಟೂರು’. ಒತ್ತಕ್ಷರ ಒಂದೂ ತಪ್ಪಿರಲಿಲ್ಲ. ಸಾಲದ್ದಕ್ಕೆ ಅಕ್ಷರಗಳಿಗೆ ಕೆಂಪು ಶೇಡ್ ಬೇರೆ. ದುಂಡನೆಯ ಬಿಲ್ಲೆಗೆ ಬಲಮೂಲೆ ಎಲ್ಲಿಂದ ಬರಬೇಕು? ಅಪ್ಪ ಅದನ್ನೂ ಹುಡುಕಿದ್ದ: ಪ್ರತಿ ಸೈನಿಕನ ಬಲಗಾಲಿನ ಹಿಮ್ಮಡಿಯ ಹಿಂದೆ. ಕಪಾಟಿನಲ್ಲಿ ನಿಂತಿದ್ದ ಇಡೀ ಸೈನ್ಯಕ್ಕೆ ಹಾಗೆ ಹೆಸರು ಬರೆದಿದ್ದ. ನನಗೆ ಪಿತ್ತ ನೆತ್ತಿಗೇರಿತು.

“ಅಪ್ಪ, ಇದೇನಿದು?”

“ಹೆಸರು.”

“ಹೆಸರಂತ ಕಾಣಸತೈತಿ. ಯಾಕ ಹಾಕಿದಿ?”

“ಬರ್ದ ಮ್ಯಾಲ ಹೆಸರು ಹಾಕಲಿಲ್ಲಂದ್ರ ಕೆಲಸ ಮುಗ್ದಂಗ ಹೆಂಗಾತು?”

“ಅಂಚು ಕರ್ರಗಿರಬೇಕು ಅಂತ ಆತ ಮೊದಲ ಹೇಳ್ಯಾನಪ್ಪ. ನಾವ್ಯಾರೂ ಹೆಸರು ಹಾಕಂಗಿಲ್ಲ. ಇದು ಅಂಗಡಿ ಬೋರ್ಡ್ ಅಲ್ಲ.”

“ಬೋರ್ಡ್ ಅಲ್ಲಂತ ನಂಗೂ ಗೊತ್ತೈತಿ. ಬೋರ್ಡ್ ಬರಿಯಾಕ ಈಗ ನನ್ನ ಯಾರು ಕರೀತಾರ?” ಅಪ್ಪನ ಧ್ವನಿ ಏರಲಿಲ್ಲ. ಕುಂಚ ತೊಳೆದು, ಬಟ್ಟೆಯಿಂದ ಒರೆಸಿ, ಡಬ್ಬಿಯಲ್ಲಿಟ್ಟ. “ನಿನಗ ಬ್ಯಾಡಂದ್ರ ನೀನ ಅಳಸ್ಕೋ. ನನ್ನ ಕೈಗೆ ಕಪ್ಪು ಕೊಟ್ಟು ನಿನ್ನ ಹೆಸರು ನೀನ ಬಳಿ ಅನ್ನಬ್ಯಾಡ.”

ಚಪ್ಪಲಿ ಮೆಟ್ಟಿ, ಛತ್ರಿ ಬಿಚ್ಚಿ, ಕೊಟ್ಟೂರಿನ ಬಸ್ಸಿಗೆ ಹೋಗಿಬಿಟ್ಟ.

ಕಪ್ಪು ಬಣ್ಣದ ಡಬ್ಬಿ ಎದುರಿಗೇ ಇತ್ತು. ಒಂದೊಂದು ಹೆಸರಿಗೆ ಒಂದೊಂದು ಎಳೆತ, ಅಷ್ಟೇ ಕೆಲಸ. ಕುಂಚ ಅದ್ದಿದೆ. ಕೈ ಏಳಲಿಲ್ಲ. ಕೊಟ್ಟೂರಿನ ಬೀದಿಗಳಿಂದ ಆ ಹೆಸರನ್ನು ಫ್ಲೆಕ್ಸಿನವರು ಅಳಿಸಿದರು, ಸುಣ್ಣದವರು ಅಳಿಸಿದರು. ಉಳಿದದ್ದನ್ನು ಅಳಿಸುವವಳು ನಾನಾಗಬೇಕೇ? ಕುಂಚ ಕೆಳಗಿಟ್ಟೆ.

ಗೌತಮಿಯೇ ಮೀಸಿ ತಾತನನ್ನು ಕೇಳೋಣ ಎಂದಳು. ಫೋಟೊ ಕಳಿಸಿ, ವಿಷಯ ತಿಳಿಸಿ ಬರೆದಳು. ಉತ್ತರ ಮರುದಿನವೇ ಬಂತು. ಮನುಷ್ಯ ಕೆಟ್ಟವನಲ್ಲ. ಬಾವುಟಗಳ ಫೋಟೊ ದೊಡ್ಡದು ಮಾಡಿ ಮಾಡಿ ನೋಡಿದೆ ಎಂದು ಬರೆದಿದ್ದ. ಆದರೆ ಅಂಚಿನ ಮಾತಿನಲ್ಲಿ ಜಗ್ಗಲಿಲ್ಲ. ತನ್ನ ಮೇಜಿನ ಮೇಲಿನ ಎಲ್ಲ ಸೈನ್ಯಗಳಿಗೂ ಕಪ್ಪು ಅಂಚು, ಯುದ್ಧ ನಡೆಯುವಾಗ ಕಣ್ಣು ಸೈನಿಕನ ಮೇಲಿರಬೇಕೇ ಹೊರತು ಅಕ್ಷರದ ಮೇಲಲ್ಲ. ಬೇಕಾದರೆ ಬಿಲ್ಲೆಯ ಅಡಿಭಾಗದಲ್ಲಿ ಹೆಸರು ಬರೆಯಲಿ, ಅದಕ್ಕೆ ತನ್ನ ಅಡ್ಡಿಯಿಲ್ಲ. ನ್ಯಾಯವಾದ ಮಾತೇ ಅನ್ನಿಸಿತು. ಖುಷಿಯಿಂದ ಅಪ್ಪನಿಗೆ ಫೋನು ಮಾಡಿದೆ.

“ಅಡಿಗಾ?” ಎಂದ ಅಪ್ಪ. “ಅದ್ರಾಗ ಸ್ವಾಮಿ ಹೆಸರೈತಲೇ. ಕೊಟ್ರೇಶನ್ನ ಒಯ್ದು ಸಿಪಾಯಿ ಕಾಲಡಿಗೆ ಇಡ್ಲಾ?”

ಫೋನು ಇಟ್ಟುಬಿಟ್ಟ. ಕೊಟ್ರೇಶ ನಮ್ಮೂರ ದೇವರು, ಕೊಟ್ಟೂರಿನಲ್ಲಿ ಹುಟ್ಟಿದವಳು ನಾನು. ಅಪ್ಪ ಒಪ್ಪಿದ್ದರೂ ಆ ಹೆಸರನ್ನು ಕಾಲಡಿಗೆ ಬರೆಯಲು ನನಗೇ ಆಗುತ್ತಿರಲಿಲ್ಲ.

ಮಳೆ ಸುರಿಯುತ್ತಲೇ ಇತ್ತು. ಕೆಲಸವಿಲ್ಲದೆ ಇಬ್ಬರೂ ಕಪಾಟು ನೋಡುತ್ತಾ ಕೂತಿದ್ದೆವು. ನಾನು ಸಿಟ್ಟಿನಲ್ಲಿ, “ಒಂದು ಹೆಸರಿಗೆ ಇಷ್ಟು ಹಟ ಏನ ಗೌತಮಿ? ನೀನೂ ಬರ್ದಿ, ನಾನೂ ಬರ್ದೀನಿ. ನಮ್ಮ ಹೆಸರು ಎಲ್ಲ್ಯಾರ ಐತೇನು?” ಎಂದೆ.

“ನಮ್ಮಜ್ಜ ಊರಾಗ ಎಷ್ಟು ಮನಿ ಕಟ್ಟ್ಯಾನ ಗೊತ್ತೇನು?” ಎಂದಳು ಗೌತಮಿ. “ಒಂದು ಮನಿ ಮ್ಯಾಲೂ ಆತನ ಹೆಸರಿಲ್ಲ. ಒಳಗ ಕರದು ನೀರು ಕೊಟ್ಟೋರೂ ಇಲ್ಲ. ನಮ್ಮಪ್ಪಗ ನೌಕರಿ ಸಿಕ್ಕು ಮನಿ ಕಟ್ಟಿಸಿದಾಗ ಮೊದಲ ಮಾಡಿದ ಕೆಲಸ ಏನಂದ್ರ ಬಾಗಿಲ ಮ್ಯಾಲ ಅಜ್ಜನ ಹೆಸರು ಬರಸಿದ್ದು. ಅಜ್ಜ ದಿನಾ ಸಂಜಿಮುಂದ ಹೊರಗ ಕುರ್ಚಿ ಹಾಕ್ಕೊಂಡು ಅದನ್ನ ನೋಡ್ತಾ ಕುಂದರ್ತಿದ್ದ, ಓದಾಕ ಬರದಿದ್ರೂ. ಹೆಸರು ಸಣ್ಣ ಮಾತಲ್ಲ ಸುಮಕ್ಕ. ನಮಗ ಇನ್ನೂ ವಯಸ್ಸೈತಿ. ಕಾಕಾಗ ಇದ್ದದ್ದ ಅದೊಂದು.”

ಅವಳಿಗಿಂತ ದೊಡ್ಡವಳು ನಾನು, ಆ ಹೊತ್ತು ಹಾಗೆ ಅನ್ನಿಸಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಬಿಸಿಲು. ತೊಳೆದಿಟ್ಟಂಥ ಆಕಾಶ, ಒಣ ಗಾಳಿ. ವಾರ್ನಿಷ್ ಹೊಡೆಯಲು ಅಂಥ ದಿನ ಮತ್ತೆ ಸಿಗುವುದೋ ಇಲ್ಲವೋ. ಪಾರ್ಸಲಿನವನೂ ಆ ವಾರವೇ ಬರುವವನಿದ್ದ. ವಾರ್ನಿಷ್ ಕೂತ ಮೇಲೆ ಹೆಸರು ಹಾಗೇ ಗಟ್ಟಿಯಾಗಿಬಿಡುತ್ತದೆ. ಏನಾಗಬೇಕಿದ್ದರೂ ಅವತ್ತೇ ಆಗಬೇಕು. ಗೌತಮಿಯ ಮುಖ ನೋಡಿದೆ, ಅವಳು ತಲೆಯಾಡಿಸಿದಳು. ಅಪ್ಪನಿಗೆ ಫೋನು ಮಾಡಿದೆ.

“ಅಪ್ಪ, ಬಿಸಿಲು ಬಿದ್ದೈತಿ. ಮಧ್ಯಾಹ್ನ ವಾರ್ನಿಷ್ ಹೊಡೀತೀವಿ. ನಾನಂತೂ ಅಳಸಂಗಿಲ್ಲ, ಗೌತಮಿನೂ ಅಳಸಂಗಿಲ್ಲ. ನಿನ್ನ ಹೆಸರು ಹೆಂಗೈತೋ ಹಂಗ ಹೋಗತೈತಿ. ಆತ ವಾಪಸ್ ಕಳಿಸಿದ್ರ ಕಳಸ್ಲಿ, ಕ್ವಾಣಿಗೆ ಬೀಗ ಹಾಕಿದ್ರಾತು.”

ಆ ಕಡೆ ಹಿಂದಿನಿಂದ ಅವ್ವ “ಏನಂತ? ಏನಂತ್ರೀ?” ಎನ್ನುತ್ತಿದ್ದಳು. ಫೋನು ಕಟ್ಟಾಯಿತು.

ಹೆದರಿಸಲು ಹೇಳಿದ ಮಾತಲ್ಲ ಅದು. ನಿಜಕ್ಕೂ ಹಾಗೇ ಕಳಿಸುವವಳಿದ್ದೆ. ಮಹಡಿಯ ಬಯಲಿನಲ್ಲಿ ಹಲಗೆಗಳನ್ನು ಹಾಸಿ, ಸೈನಿಕರನ್ನು ಸಾಲಾಗಿ ನಿಲ್ಲಿಸಿ ಬಿಸಿಲಿಗಿಟ್ಟೆವು. ವಾರ್ನಿಷ್ ಡಬ್ಬಿ ಕುಲುಕುತ್ತಿದ್ದಾಗ ಮೆಟ್ಟಿಲ ಮೇಲೆ ಅಪ್ಪನ ಕೆಮ್ಮು ಕೇಳಿಸಿತು.

ಅಪ್ಪ ಕೈಕಾಲು ತೊಳೆದು ಬಂದು, ಹಲಗೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. “ಕಪ್ಪು ಕೊಡು” ಎಂದ. ಕೊಟ್ಟೆ. ಆನೆಯ ಮೇಲಿನ ನಾಯಕನನ್ನು ಎತ್ತಿ, ಕನ್ನಡಕ ಸರಿಮಾಡಿಕೊಂಡು ತನ್ನ ಹೆಸರನ್ನು ಒಮ್ಮೆ ಓದಿದ. ಆಮೇಲೆ ಒಂದೇ ಎಳೆತ. ನಾಯಕನನ್ನು ಕೆಳಗಿಟ್ಟು ಮುಂದಿನವನನ್ನು ತೆಗೆದುಕೊಂಡ.

“ಅಪ್ಪ, ಬ್ಯಾಡ ಬಿಡು” ಎಂದೆ.

“ಸುಮ್ನಿರು. ನನಗಿದು ಹೊಸದಲ್ಲ.” ಕೈ ನಿಲ್ಲಿಸದೆ ಮಾತಾಡಿದ. “ಕೂಡ್ಲಿಗ್ಯಾಗ ನಮ್ಮ ಉಸ್ತಾದ್ರಿದ್ರು, ನನಗ ಕುಂಚ ಹಿಡಿಯಾಕ ಕಲಿಸಿದೋರು. ಅವರು ತೀರಿಕೊಂಡ ಮ್ಯಾಲ ಅವರು ಬರ್ದಿದ್ದ ಒಂದು ಹೋಟ್ಲು ಬೋರ್ಡು ಹೊಸದಾಗಿ ಬರಿಯಾಕ ನನಗ ಬಂತು. ಮೂಲ್ಯಾಗ ಉಸ್ತಾದ್ರ ಹೆಸರಿತ್ತು. ಹಳೇದರ ಮ್ಯಾಲ ಬಣ್ಣ ಬಳೀದ ಹೊಸದು ಹೆಂಗ ಬರೀತಿ? ಬಳದೆ. ಅವತ್ತು ಉಣ್ಣಾಕ ಆಗ್ಲಿಲ್ಲ. ಮರುದಿನ ಅದ ಜಾಗದಾಗ ನನ್ನ ಹೆಸರು ಬರ್ದೆ.” ಇನ್ನೊಬ್ಬ ಸೈನಿಕನನ್ನು ಎತ್ತಿಕೊಂಡು ಹೇಳಿದ, “ಉಸ್ತಾದ್ರ ಹೆಸರು ನಾನು ಅಳಿಸಿದ್ನಲ್ಲ ಲೇ. ನನ್ನದು ಅಳಿಸಾಕ ಬ್ಯಾರೆಯೋರು ಯಾಕ ಬೇಕು? ನಾನ ಅಳಸ್ತೀನಿ. ನಿಮ್ಮ ಕ್ವಾಣಿಗೆ ಬೀಗ ಹಾಕೂದು ಬ್ಯಾಡ.”

ನಾನು ಅತ್ತೆ. ಮರೆಯಲ್ಲಿ ಹೋಗಿಯೂ ಅಳಲಿಲ್ಲ, ಅಲ್ಲೇ ನಿಂತು, ವಾರ್ನಿಷ್ ಡಬ್ಬಿ ಹಿಡಿದುಕೊಂಡು ಅತ್ತೆ. ಗೌತಮಿ ಬೆನ್ನು ತಿರುಗಿಸಿ ಬಿಸಿಲು ನೋಡುವವಳಂತೆ ನಿಂತಳು. ಅಪ್ಪ ಕೊನೆಯ ಸೈನಿಕನ ತನಕ ಒಬ್ಬನನ್ನೂ ಬಿಡದೆ ತನ್ನ ಹೆಸರು ಬಳಿದು ಮುಗಿಸಿದ. ಕಪ್ಪು ಒಣಗಿದ ಮೇಲೆ ವಾರ್ನಿಷ್ ಹೊಡೆದೆವು. ಒಂದು ಕಲೆಯಿಲ್ಲದೆ ಕೂತಿತು.

ಮರುದಿನ ಬಡಿಗೇರ ಪ್ಲೈವುಡ್ಡಿನ ಪೆಟ್ಟಿಗೆ ತಂದುಕೊಟ್ಟ. ಅಪ್ಪ ಅದರ ಮುಚ್ಚಳವನ್ನು ಬಹಳ ಹೊತ್ತು ಸವರಿ ನೋಡಿದ. ಬಟ್ಟೆಯ ಗಂಟಿನಿಂದ ತನ್ನ ಹಳೆಯ ಅಗಲದ ಕುಂಚಗಳನ್ನು ಹೊರತೆಗೆದ.

“ಅದರ ಮ್ಯಾಲ ಪಾರ್ಸಲ್ ಚೀಟಿ ಅಂಟಸ್ತಾರಪ್ಪ, ಎಲ್ಲ ಮುಚ್ಚಿ ಹೋಗತೈತಿ” ಎಂದೆ.

“ಒಳಮೈಗೆ ಬರೀತೀನಿ. ಒಳಗ ಯಾರು ಅಂಟಸ್ತಾರ?”

ನಮ್ಮ ಕೆಲಸದ ಕೋಣೆಗೆ ಅಲ್ಲಿಯ ತನಕ ಹೆಸರೇ ಇರಲಿಲ್ಲ. ಯಾವ ಹೆಸರಿಡಬೇಕೆಂದು ನಾನೂ ಗೌತಮಿಯೂ ವಾದ ಮಾಡಿ ಮಾಡಿ ಬಿಟ್ಟಿದ್ದೆವು. ಅಪ್ಪ ನಮ್ಮನ್ನು ಕೇಳಲೇ ಇಲ್ಲ. ಹಳದಿ ನೆಲ ಬಳಿದು, ಸುತ್ತಲೂ ಬಳ್ಳಿ ಬಿಟ್ಟು, ಕೆಂಪು ಅಕ್ಷರ ಎಳೆದ, ರಸ್ತೆಯ ಆಚೆಯಿಂದ ಓದುವಂಥ ಅಕ್ಷರ: ‘ಸುಮಾ–ಗೌತಮಿ ಬಣ್ಣದ ಮನೆ, ಹಗರಿಬೊಮ್ಮನಹಳ್ಳಿ’. ಅದರ ಬಲಗಡೆ ಕೆಳಮೂಲೆಯಲ್ಲಿ, ಸಣ್ಣಗೆ, ತನ್ನದು. ತನ್ನ ಹೆಸರು ತಲೆಕೆಳಗಾಗಿ ಬಿದ್ದಿರುವುದು ಬೇಡವೆಂದು ಮೇಲ್ಭಾಗ ಯಾವುದೆಂಬುದಕ್ಕೆ ಹೊರಗೆ ಬಾಣದ ಗುರುತನ್ನೂ ಹಾಕಿಸಿದ.

ಸೈನ್ಯ ಮುಟ್ಟಿ, ಅಲ್ಲಿ ಯುದ್ಧವೂ ಮುಗಿದ ಮೇಲೆ ಮೀಸಿ ತಾತ ವಿಡಿಯೋ ಕರೆ ಮಾಡಿದ. ನಾವು ಮೂವರೂ ಫೋನಿನ ಮುಂದೆ ಕೂತೆವು, ಅಪ್ಪ ಮಾತ್ರ ಹಿಂದೆ, ಇಸ್ತ್ರಿ ಮಾಡಿದ ಅಂಗಿಯಲ್ಲಿ, ಮುಖ ಕಾಣದ ಹಾಗೆ. ಉದ್ದನೆಯ ಮೇಜು, ಹಸಿರು ಗುಡ್ಡ, ನಮ್ಮ ಪಾಳೆಗಾರರು. ಕಪ್ಪು ಅಂಚುಗಳು ಅಚ್ಚುಕಟ್ಟಾಗಿದ್ದವು. ಗೆಳೆಯರೆಲ್ಲ ತಮಗೂ ಸೈನ್ಯ ಬೇಕೆಂದಿದ್ದಾರೆ, ಒಬ್ಬನಿಗಂತೂ ನಕ್ಷತ್ರಲೋಕದ ಸೈನ್ಯ, ಎಂದ ತಾತ. ಗೌತಮಿ ನನ್ನ ತೊಡೆ ಚಿವುಟಿದಳು. ಆದರೆ ಮೊದಲ ಯುದ್ಧದಲ್ಲಿ ಪಾಳೆಗಾರರು ಸೋತರು ಎಂದೂ ಹೇಳಿದ. ಅಪ್ಪನಿಗೆ ಅದನ್ನು ತಿಳಿಸಿದಾಗ, “ದಾಳ ಸರಿ ಇರ್ಲಿಕ್ಕಿಲ್ಲ” ಎಂದು ಗೊಣಗಿದ.

ಆಮೇಲೆ ತಾತ ಫೋನನ್ನು ಗೋಡೆಯ ಕಡೆ ತಿರುಗಿಸಿದ. ಮೇಜಿನ ಮೇಲ್ಗಡೆ, ಪೆಟ್ಟಿಗೆಯ ಮುಚ್ಚಳ. ಮೊಳೆ ಹೊಡೆದು ನೇತುಹಾಕಿದ್ದ. ಅಲ್ಲಿನ ಬೂದು ಬೆಳಕಿನಲ್ಲೂ ಹಳದಿ ಧಗಧಗ ಎನ್ನುತ್ತಿತ್ತು. ಏನು ಬರೆದಿದೆ ಎಂದು ಕೇಳಿದ. ಗೌತಮಿ ಓದಿ, ಅರ್ಥ ಹೇಳಿದಳು. ಅವನ ಬೆರಳು ಕೆಂಪು ಅಕ್ಷರದ ಮೇಲೆ ಹಾಯ್ದು, ಬಳ್ಳಿಯ ಗುಂಟ ಇಳಿದು, ಬಲಗಡೆ ಕೆಳಮೂಲೆಯಲ್ಲಿ ನಿಂತಿತು. ಇದೇನು ಎಂದ.

“ಅದು ಬರೆದವರ ಹೆಸರು” ಎಂದಳು ಗೌತಮಿ, ಇಂಗ್ಲಿಷಿನಲ್ಲಿ. ಹೆಸರು ಹೇಗೆ ಹೇಳಬೇಕೆಂದು ಅವನು ಕೇಳಿದ. ಅವಳು ಬಿಡಿಸಿ ಬಿಡಿಸಿ ಹೇಳಿಕೊಟ್ಟಳು. ಅವನು ಕನ್ನಡಕ ಏರಿಸಿ, ಮುಚ್ಚಳಕ್ಕೆ ಮುಖ ತಾಗಿಸಿ, ಮೀಸೆಯೊಳಗಿಂದ ಜೋರಾಗಿ ಓದಿದ.

“ಕೋ-ತ್ರೇಶ್. ಆರ್ಟ್ಸ್.”

ಹಿಂದೆ ಅಪ್ಪ ಎದ್ದು ನಿಂತ ಸದ್ದಾಯಿತು. ನನ್ನ ಭುಜ ಹಿಡಿದು ಮುಂದೆ ಬಗ್ಗಿದ, ಫೋನಿನ ತುಂಬ ಅವನದೇ ಮುಖ. ಕಣ್ಣು ತುಂಬಿದ್ದವು, ಧ್ವನಿ ಮಾತ್ರ ಬೋರ್ಡು ಒಪ್ಪಿಸುವಾಗಿನ ಅದೇ ಗತ್ತು.

“ಊರು ಬಿಟ್ನಲ್ಲ ಆತ. ಮುಂದ ಊರಿನ ಹೆಸರೈತಿ, ಅದನ್ನೂ ಓದಾಕ ಹೇಳು.”